ಆಲೂಗಡ್ಡೆ ಎಸೆದವನಿಗೆ ಗೆಣಸು ಸಿಕ್ಕಿದ್ದು

1941, ಡಿಸೆಂಬರ್ 7. ಅಮೆರಿಕದಲ್ಲಿ ಒಬ್ಬ ಸೈನಿಕ ಆಲೂಗಡ್ಡೆ ಸಿಪ್ಪೆ ಹೆರೀತಾ ಕೂತಿದ್ದ, ಅವತ್ತು ಅವನಿಗೆ ಅಡುಗೆಮನೆ ಡ್ಯೂಟಿ. ರೇಡಿಯೋದಲ್ಲಿ ಅಮೆರಿಕದ ನೌಕಾನೆಲೆ ಪರ್ಲ್ ಹಾರ್ಬರ್ ಮೇಲೆ ಜಪಾನ್ ದಾಳಿ ಮಾಡಿದೆ ಅನ್ನೋ ಸುದ್ದಿ ಬಂತು ನೋಡಿ, ಕೈಯಲ್ಲಿದ್ದ ಆಲೂಗಡ್ಡೆನ ಗೋಡೆಗೆ ಬೀಸಿ ಹೊಡ್ದ, ಜಪಾನ್‌ನೋರಿಗೆ ಮಾಡ್ತೀನಿ ತಾಳಿ ಅಂತ ಕೂಗಾಡ್ದ. ಇವನೇ ಜೇಕಬ್ ಡಿಶೇಜರ್. ಆಲೂಗಡ್ಡೆ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

ಮಾಡ್ತೀನಿ ಅಂದಿದ್ದನ್ನ ಮಾಡೇಬಿಟ್ಟ. 1942 ಏಪ್ರಿಲ್ 18, ಡೂಲಿಟಲ್ ರೇಡ್, ಅಂದ್ರೆ ಜಪಾನ್ ಮೇಲೆ ಅಮೆರಿಕದ ವಿಮಾನ ದಾಳಿ. ಹಾರ್ನೆಟ್ ಅನ್ನೋ ಹಡಗಿಂದ 16 ಬಿ-25 ವಿಮಾನ, 80 ಜನ. ಡಿಶೇಜರ್ ಇದ್ದಿದ್ದು ಕಟ್ಟಕಡೆಯ ವಿಮಾನದಲ್ಲಿ, ಬಾಂಬ್ ಹಾಕೋ ಕೆಲಸ ಅವನದು. ಜಪಾನಿನ ನಗೋಯಾ ಊರಿನ ಮೇಲೆ ಬಾಂಬ್ ಹಾಕಿ ಚೀನಾ ಕಡೆ ಹೋಗೋಷ್ಟ್ರಲ್ಲಿ ಇಂಧನ ಖಾಲಿ, ಕತ್ತಲಲ್ಲಿ ಪ್ಯಾರಾಶೂಟ್ ಕಟ್ಕೊಂಡು ಹಾರಿದ್ರೆ ಬಿದ್ದಿದ್ದು ಜಪಾನಿ ಸೇನೆ ಹಿಡಿತದಲ್ಲಿದ್ದ ಜಾಗದಲ್ಲೇ. ಒಟ್ಟು 8 ಜನ ಸೆರೆ ಸಿಕ್ರು. 3 ಜನಕ್ಕೆ ಗುಂಡಿಕ್ಕಿದ್ರು, ಅದರಲ್ಲಿ ಇವನ ಪೈಲಟ್ ಕೂಡ ಇದ್ದ. ಇನ್ನೊಬ್ಬ ಜೈಲಲ್ಲೇ ಕಾಯಿಲೆ ಬಿದ್ದು ಸೊರಗಿ ಸತ್ತ. ಇವನು 40 ತಿಂಗಳು ಒಳಗಿದ್ದ, ಬಹುಪಾಲು ಒಂಟಿ ಸೆಲ್ಲಲ್ಲಿ.

1944ರ ಮೇನಲ್ಲಿ ಅವನ ಕೈಗೆ ಒಂದು ಬೈಬಲ್ ಬಂತು, ಮೂರೇ ವಾರಕ್ಕೆ. ವಾಪಸ್ ಕೊಡ್ಬೇಕಲ್ಲ ಅಂತ ಆ ಮಂಕು ಬೆಳಕಲ್ಲಿ ಓದಿ ಓದಿ ವಚನಗಳನ್ನ ಬಾಯಿಪಾಠ ಮಾಡ್ಕೊಂಡ. ಜೂನ್ 8ಕ್ಕೆ ರೋಮಾಪುರದವರಿಗೆ ಬರೆದ ಪತ್ರಿಕೆ 10:9 ಓದ್ತಾ ಯೇಸುನ ನಂಬಿದೆ ಅಂತ ಅವನೇ ಹೇಳ್ಕೊಂಡಿದಾನೆ.

ಸಾಮಾನ್ಯವಾಗಿ ಸಾಕ್ಷಿ ಹೇಳೋರು, ಅಂದ್ರೆ ನಂಬಿಕೆಗೆ ಬಂದ ಕಥೆ ಹೇಳೋರು, ಇಲ್ಲಿಗೆ ಬಂದು ನಿಲ್ಲಿಸಿಬಿಡ್ತಾರೆ, ಕಣ್ಣೀರು, ಚಪ್ಪಾಳೆ, ಹಲ್ಲೆಲೂಯಾ, ಮುಗೀತು. ನಂಗೆ ಅದು ಹಿಡಿಸಲ್ಲ ಸ್ವಾಮಿ. ನನ್ನ ಕೇಳಿದ್ರೆ ಅಸಲಿ ಕಥೆ ಶುರುವಾಗೋದೇ ಅದಾದ್ಮೇಲೆ.

ಒಂದಿನ ಕಾವಲುಗಾರ ಇವನನ್ನ ಸೆಲ್ಲೊಳಗೆ ದಬ್ಬಿ ಬಾಗಿಲು ಹಾಕ್ದ, ಬರಿಗಾಲು ಬಾಗಿಲ ಸಂದಿಗೆ ಸಿಕ್ಕಾಕ್ಕೊಳ್ತು, ಬಾಗಿಲು ತೆಗೆಯೋದು ಬಿಟ್ಟು ಆ ಮನುಷ್ಯ ಮೊಳೆ ಹೊಡೆದ ಬೂಟಲ್ಲಿ ಆ ಕಾಲಿಗೇ ಒದ್ದ. ಹಳೇ ಡಿಶೇಜರ್ ಆಗಿದ್ರೆ ಏನ್ಮಾಡ್ತಿದ್ದ ಗೊತ್ತಲ್ಲ, ಆಲೂಗಡ್ಡೆ. ಆದ್ರೆ ತಲೇಲಿ ಶತ್ರುವನ್ನ ಪ್ರೀತಿಸು ಅನ್ನೋ ವಚನ ಕೂತುಬಿಟ್ಟಿದೆ, ಕಾಲು ಸಿಡೀತಾ ಇದೆ. ಮಾರನೇ ಬೆಳಗ್ಗೆ ಅದೇ ಕಾವಲುಗಾರನಿಗೆ ಜಪಾನಿಯಲ್ಲೇ ಗುಡ್ ಮಾರ್ನಿಂಗ್ ಹೇಳ್ದ. ಅವನು ಇವನಿಗೇನೋ ತಲೆ ಕೆಟ್ಟಿದೆ ಅನ್ನೋ ಥರ ನೋಡ್ದ. ಮತ್ತೆ ಹೇಳ್ದ, ದಿನಾ ಹೇಳ್ದ. ಕೆಲವು ದಿನ ಆದ್ಮೇಲೆ ಆ ಕಾವಲುಗಾರ ಬಂದು ಮಾತಾಡಿಸಿ ಒಂದು ಬೇಯಿಸಿದ ಗೆಣಸು ಕೊಟ್ಟ. ಹಸಿದು ಸಾಯ್ತಿರೋನಿಗೆ ಗೆಣಸು ಅಂದ್ರೆ ಏನು ಅಂತ ಹೊಟ್ಟೆ ತುಂಬಿರೋ ನಾವು ಹೇಳೋಕಾಗಲ್ಲ.

ನಂಬಿಕೆ ಅಂದ್ರೆ ನಂಗೆ ಆ ಜೂನ್ 8ಕ್ಕಿಂತ ಈ ಗುಡ್ ಮಾರ್ನಿಂಗೇ ಕಾಣ್ಸೋದು.

ಇದಕ್ಕೆ ಒಂದು ವಾದ ಇದೆ, ಹಸಿವು, ಕಾಯಿಲೆ, ಒಂಟಿತನ, ಅಂಥಾ ಸ್ಥಿತೀಲಿ ಮನುಷ್ಯ ಏನನ್ನ ಬೇಕಾದ್ರೂ ನಂಬ್ತಾನೆ ಅಂತ. ಸರಿ, ಒಪ್ಪೋಣ. ಆದ್ರೆ 1945ರ ಆಗಸ್ಟಲ್ಲಿ ಬಿಡುಗಡೆ ಆಯ್ತಲ್ಲ, ಊಟ ಸಿಕ್ತು, ಮನೆ ಸಿಕ್ತು, ಹೀರೋ ಪಟ್ಟನೂ ಸಿಕ್ತು, ಆಗ ಬಿಟ್ಟುಬಿಡಬಹುದಿತ್ತು. ಇವನು ಕಾಲೇಜಿಗೆ ಹೋಗಿ ಓದಿ, ಹೆಂಡತಿನ ಕರ್ಕೊಂಡು 1948ರ ಡಿಸೆಂಬರಲ್ಲಿ ಮಿಷನರಿ ಆಗಿ ಜಪಾನಿಗೇ ವಾಪಸ್ ಹೋದ. ಸುಮಾರು 30 ವರ್ಷ ಆ ಕೆಲಸ ಮಾಡ್ದ. ಭ್ರಮೆ ಅಷ್ಟು ವರ್ಷ ಬಾಳಿಕೆ ಬರಲ್ಲ ಅನ್ಸುತ್ತೆ ನಂಗೆ.

ಇವನ ಸೆರೆಮನೆ ಕಥೆ ಇದ್ದ ಕರಪತ್ರ ಟೋಕಿಯೋದ ಶಿಬುಯಾ ಸ್ಟೇಷನ್ನಲ್ಲಿ ಮಿತ್ಸುಓ ಫುಚಿದಾ ಕೈಗೆ ಸಿಕ್ತು. ಯಾರು ಗೊತ್ತಾ? ಪರ್ಲ್ ಹಾರ್ಬರ್ ಮೇಲೆ ವಿಮಾನ ದಾಳಿಯ ಮುಂದಾಳು, ಅಂದ್ರೆ ಆ ಆಲೂಗಡ್ಡೆ ಗೋಡೆಗೆ ಬೀಳೋಕೆ ಕಾರಣ ಆದೋನೇ! ಆಮೇಲೆ ಅವನೂ ಬೈಬಲ್ ತಗೊಂಡು ಓದಿ ಕ್ರೈಸ್ತನಾದ, 1950ರಲ್ಲಿ ಇಬ್ಬರೂ ಭೇಟಿ ಆದ್ರು. ಫುಚಿದಾ ಯುದ್ಧದ ಬಗ್ಗೆ, ಅದರಲ್ಲೂ 1942ರ ಮಿಡ್‌ವೇ ನೌಕಾಯುದ್ಧದ ಬಗ್ಗೆ ಹೇಳಿದ ಕೆಲವು ಮಾತುಗಳನ್ನ ಇತಿಹಾಸಕಾರರು ನಂಬಲ್ಲ, ಅದನ್ನೂ ಹೇಳ್ಬೇಕು, ಮುಚ್ಚಿಟ್ಟು ಸಾಕ್ಷಿ ಹೇಳೋದು ಸರಿಯಲ್ಲ. ವಿಶ್ವಾಸಿ ಆದ ತಕ್ಷಣ ಯಾರೂ ದೇವದೂತ ಆಗಲ್ಲ.

ಡಿಶೇಜರ್ 2008ರಲ್ಲಿ ತೀರ್ಕೊಂಡ. ಅದಕ್ಕೂ ಎಷ್ಟೋ ವರ್ಷ ಮುಂಚೆ, 1959ರಲ್ಲಿ, ಅವನು ಜಪಾನಲ್ಲಿ ಒಂದು ಚರ್ಚ್ ಶುರು ಮಾಡಿದ್ದ. ಯಾವ ಊರಲ್ಲಿ ಅಂತೀರಾ, ನಗೋಯಾದಲ್ಲಿ.