ಇಲಿಯ ಲಿವರಿನಲ್ಲಿ ಕ್ಲೋರ್‌ಪೈರಿಫಾಸ್

ಕೇಳುಗರಿಗೆ ನಮಸ್ಕಾರ.

ಮನೆ ಕಟ್ಟುವಾಗ ಗೆದ್ದಲು ಹತ್ತದಿರಲಿ ಎಂದು ಪಾಯಕ್ಕೆ ಔಷಧಿ ಹಾಕಿಸುತ್ತಾರೆ. ಹೊಲದಲ್ಲಿ ಹುಳಕ್ಕೆ ಹೊಡೆಯುತ್ತಾರೆ. ಎರಡು ಕಡೆಯೂ ಕ್ಲೋರ್‌ಪೈರಿಫಾಸ್ ಎಂಬ ಹೆಸರು ನಿಮ್ಮ ಕಿವಿಗೆ ಬಿದ್ದಿರಬಹುದು. 1965ರಿಂದ ಮಾರುಕಟ್ಟೆಯಲ್ಲಿರುವ ಕೀಟನಾಶಕ ಇದು. ಹುಳವನ್ನು ಕೊಲ್ಲುವುದು ನರದ ದಾರಿಯಲ್ಲಿ. ನರದ ಸಂಕೇತವನ್ನು ಆರಿಸುವ ಕಿಣ್ವವೊಂದನ್ನು ಇದು ಕಟ್ಟಿಹಾಕುತ್ತದೆ. ಹಾಗಾದರೆ ಲಿವರಿಗೂ ಇದಕ್ಕೂ ಏನು ನಂಟು?

ನಂಟು ದೊಡ್ಡದೇ ಇದೆ. ಡಬ್ಬಿಯಲ್ಲಿರುವ ರೂಪದಲ್ಲಿ ಕ್ಲೋರ್‌ಪೈರಿಫಾಸ್ ಆ ಕಿಣ್ವವನ್ನು ಅಷ್ಟು ಗಟ್ಟಿಯಾಗಿ ಹಿಡಿಯುವುದಿಲ್ಲ. ಪ್ರಾಣಿಯ ಮೈಯಲ್ಲಿ ಅದಕ್ಕೆ ಬಲ ಕೊಡುವುದು ಮುಖ್ಯವಾಗಿ ಲಿವರ್. ಲಿವರಿನ ಕೋಶಗಳಲ್ಲಿ ಪಿ450 ಎಂಬ ಕಿಣ್ವಗಳ ಗುಂಪಿದೆ. ಹೊರಗಿನಿಂದ ಬಂದ ರಾಸಾಯನಿಕಗಳನ್ನು ಬದಲಾಯಿಸಿ, ಮೈಯಿಂದ ಸಾಗಹಾಕಲು ಅಣಿ ಮಾಡುವುದು ಇವುಗಳ ಕೆಲಸ. ಇವು ಕ್ಲೋರ್‌ಪೈರಿಫಾಸಿನಲ್ಲಿರುವ ಗಂಧಕದ ಪರಮಾಣುವನ್ನು ಕಿತ್ತು, ಆ ಜಾಗದಲ್ಲಿ ಆಮ್ಲಜನಕವನ್ನು ಕೂರಿಸುತ್ತವೆ. ಆಗ ಹುಟ್ಟುವ ಹೊಸ ರಾಸಾಯನಿಕದ ಹೆಸರು ಆಕ್ಸಾನ್. ನರಕ್ಕೆ ನಿಜವಾದ ವಿಷ ಅದೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು ಅಲ್ವಾ?

ಆದರೆ ಲಿವರನ್ನು ಪೂರ್ತಿ ಬೈಯುವಂತೆಯೂ ಇಲ್ಲ. ಅದೇ ಲಿವರ್ ಪ್ಯಾರಾಕ್ಸೊನೇಸ್ ಎಂಬ ಇನ್ನೊಂದು ಕಿಣ್ವವನ್ನು ತಯಾರಿಸುತ್ತದೆ. ಅದು ಆಕ್ಸಾನನ್ನು ತುಂಡು ಮಾಡುತ್ತದೆ. ತುಂಡುಗಳು ಮೂತ್ರದಲ್ಲಿ ಹೋಗುತ್ತವೆ. ಆಗತಾನೇ ಹುಟ್ಟಿದ ಮಕ್ಕಳಲ್ಲಿ ಈ ಕಿಣ್ವ ಕಡಿಮೆ. ದೊಡ್ಡವರಲ್ಲೂ ಒಬ್ಬರಿಂದೊಬ್ಬರಿಗೆ ವ್ಯತ್ಯಾಸ ಜಾಸ್ತಿ.

ಇನ್ನು ಕಿತ್ತ ಗಂಧಕ ಏನಾಯಿತು? ಅದೂ ಸುಮ್ನೆ ಕೂರುವುದಿಲ್ಲ. ತನ್ನನ್ನು ಕಿತ್ತ ಪಿ450 ಕಿಣ್ವಕ್ಕೇ ಅಂಟಿಕೊಂಡು ಅದನ್ನು ಕೆಡಿಸುತ್ತದೆ. ಜೊತೆಗೆ ಕೋಶದೊಳಗೆ ಚುರುಕು ಆಮ್ಲಜನಕದ ಕಣಗಳು ಹೆಚ್ಚುತ್ತವೆ. ಇವನ್ನು ತಣಿಸಲು ಕೋಶದಲ್ಲಿ ಗ್ಲುಟಾಥಯೋನ್ ಎಂಬ ಪದಾರ್ಥ ಇರುತ್ತದೆ. ಅದು ಖರ್ಚಾಗುತ್ತಾ ಬಂದಂತೆ ಕೋಶದ ಪೊರೆಯಲ್ಲಿರುವ ಕೊಬ್ಬು ಕೆಡಲು ಶುರುವಾಗುತ್ತದೆ. ಪೊರೆ ಸೋರುತ್ತದೆ. ಒಳಗಿರಬೇಕಾದ ಕಿಣ್ವಗಳು ರಕ್ತಕ್ಕೆ ಬರುತ್ತವೆ. ನಿಮ್ಮ ರಕ್ತ ಪರೀಕ್ಷೆಯ ವರದಿಯಲ್ಲಿ ಎಸ್‌ಜಿಪಿಟಿ, ಎಸ್‌ಜಿಒಟಿ ಎಂದು ಬರೆದಿರುತ್ತಲ್ಲ, ಅವೇ ಇವು. ಪ್ರಯೋಗಾಲಯದಲ್ಲಿ ಕ್ಲೋರ್‌ಪೈರಿಫಾಸ್ ಕೊಟ್ಟ ಇಲಿಯ ರಕ್ತದಲ್ಲೂ ನೋಡುವುದು ಅವನ್ನೇ.

ಇಲ್ಲೊಂದು ಎಚ್ಚರಿಕೆ ಬೇಕು. ಎಸ್‌ಜಿಒಟಿ ಸ್ನಾಯುವಿನಲ್ಲೂ ಇದೆ. ಈ ವಿಷ ತಗುಲಿದ ಇಲಿಯ ಸ್ನಾಯುಗಳು ಅದುರುತ್ತವೆ. ಹಾಗಾಗಿ ಎಸ್‌ಜಿಒಟಿ ಒಂದೇ ಏರಿದರೆ ಲಿವರ್ ಕೆಟ್ಟಿತು ಎಂದು ಷರಾ ಬರೆಯುವುದು ಅವಸರವಾಗುತ್ತದೆ. ಲಿವರನ್ನೇ ತೆಳ್ಳಗೆ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಆರೋಗ್ಯವಾಗಿರುವ ಲಿವರಿನಲ್ಲಿ ನಡುವಿನ ರಕ್ತನಾಳದಿಂದ ಸುತ್ತಲೂ ಕೋಶಗಳ ಸಾಲು ಹೊರಟಿರುತ್ತದೆ. ಕೆಟ್ಟ ಲಿವರಿನಲ್ಲಿ ಆ ಸಾಲು ಕದಡಿರುತ್ತದೆ. ಕೋಶಗಳೊಳಗೆ ಖಾಲಿ ಗುಳ್ಳೆಗಳು. ಕೋಶಕೇಂದ್ರ ಮುದುಡಿ ಕಪ್ಪಾಗಿರುತ್ತದೆ. ಅಲ್ಲಲ್ಲಿ ಬಿಳಿ ರಕ್ತಕಣಗಳು ಗುಂಪುಗೂಡಿರುತ್ತವೆ. ನಡುವಿನ ನಾಳದ ಸುತ್ತ ಪಿ450 ಜಾಸ್ತಿ, ಆಮ್ಲಜನಕ ಕಡಿಮೆ. ಲಿವರಿನಲ್ಲೇ ಬದಲಾಗುವ ಎಷ್ಟೋ ವಿಷಗಳ ಪೆಟ್ಟು ಮೊದಲು ಅಲ್ಲಿ ಕಾಣುವುದಕ್ಕೆ ಇದೇ ಕಾರಣ.

ಇಷ್ಟು ಕೇಳಿ ಗಾಬರಿಯಾಗುವ ಮೊದಲು ಕೊಟ್ಟ ಪ್ರಮಾಣ ನೋಡಿ. ಅರ್ಧದಷ್ಟು ಇಲಿಗಳು ಸಾಯುವ ಪ್ರಮಾಣ ಒಂದು ಕಿಲೋ ತೂಕಕ್ಕೆ ಸುಮಾರು 135 ಮಿಲಿಗ್ರಾಂ ಎಂದು ಹಿಡಿದು, ಅದರ ಹತ್ತನೇ ಅಥವಾ ಇಪ್ಪತ್ತನೇ ಒಂದು ಪಾಲನ್ನು ದಿನಾ ಕೊಡುವುದು ಇಂಥ ಪ್ರಯೋಗಗಳಲ್ಲಿ ರೂಢಿ. ಹತ್ತನೇ ಒಂದು ಪಾಲೆಂದರೆ 13.5 ಮಿಲಿಗ್ರಾಂ. ಮನುಷ್ಯರ ದಿನದ ಊಟದಲ್ಲಿ ಇಷ್ಟಿರಬಹುದು ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ಹಾಕಿದ್ದ ಮಿತಿ ಕಿಲೋ ತೂಕಕ್ಕೆ 0.01 ಮಿಲಿಗ್ರಾಂ. ಸಾವಿರಪಟ್ಟಿಗೂ ಹೆಚ್ಚು ಅಂತರ! ಹಾಗೆಂದು ಆ ಮಿತಿಯನ್ನು ಎಲ್ಲರೂ ಒಪ್ಪಿಲ್ಲ. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ 2019ರಲ್ಲಿ ಸುರಕ್ಷಿತ ಮಟ್ಟ ಇಷ್ಟೇ ಎಂದು ಹೇಳಲು ಬರುವುದಿಲ್ಲ ಎಂದಿತು. 2020ರಲ್ಲಿ ಅಲ್ಲಿ ಇದರ ಅನುಮತಿ ನಿಂತಿತು. ಅದಕ್ಕೆ ಲಿವರ್ ಕಾರಣವಲ್ಲ. ವಂಶವಾಹಿಗೆ ಹಾನಿಯಾದೀತೆಂಬ ಶಂಕೆ ಮತ್ತು ಬೆಳೆಯುವ ಮಕ್ಕಳ ಮಿದುಳಿನ ಚಿಂತೆ ಮುಖ್ಯವಾಗಿದ್ದವು.

ಇನ್ನೊಂದು ವಿಷಯ. ಪ್ರಯೋಗದಲ್ಲಿ ಸಾಮಾನ್ಯವಾಗಿ ಔಷಧಿಯನ್ನು ಮೆಕ್ಕೆಜೋಳದ ಎಣ್ಣೆಯಲ್ಲಿ ಕಲಸಿ ಇಲಿಯ ಹೊಟ್ಟೆಗೆ ನೇರವಾಗಿ ಇಳಿಸುತ್ತಾರೆ. ಕರುಳಿನಿಂದ ಹೀರಿಕೊಂಡದ್ದು ಮೊದಲು ಲಿವರಿಗೇ ಬರುತ್ತದೆ. ಪಂಪು ಬೆನ್ನಿಗೇರಿಸಿ ಹೊಡೆಯುವವರಿಗೆ ಅದು ಒಳಗೆ ಹೋಗುವುದು ಹೆಚ್ಚಾಗಿ ಚರ್ಮದಿಂದ. ಆಗ ಲಿವರ್ ಮೊದಲ ನಿಲ್ದಾಣವಲ್ಲ. ಮೇಲಾಗಿ ಅಂಗಡಿಯ ಡಬ್ಬಿಯಲ್ಲಿ ಕ್ಲೋರ್‌ಪೈರಿಫಾಸ್ ಒಂದೇ ಇರುವುದಿಲ್ಲ. 20 ಇಸಿ ಎಂದು ಬರೆದಿದ್ದರೆ ಅದು ನೂರರಲ್ಲಿ ಇಪ್ಪತ್ತು ಪಾಲು ಮಾತ್ರ, ಉಳಿದದ್ದು ಕರಗಿಸುವ ದ್ರವ ಮತ್ತು ನೀರಿನಲ್ಲಿ ಬೆರೆಸುವ ಪದಾರ್ಥ. ಕೆಲವು ಡಬ್ಬಿಗಳಲ್ಲಿ ಸೈಪರ್‌ಮೆಥ್ರಿನ್ ಕೂಡ ಸೇರಿರುತ್ತದೆ. ಶುದ್ಧ ರಾಸಾಯನಿಕ ಕುಡಿಸಿದ ಇಲಿಯಿಂದ ಈ ಮಿಶ್ರಣದ ಲೆಕ್ಕ ಸಿಗುವುದಿಲ್ಲ. ಮಾರುಕಟ್ಟೆಯ ಡಬ್ಬಿಯನ್ನೇ ತಂದು, ಚರ್ಮಕ್ಕೆ ಸವರಿ ಮಾಡುವ ಪ್ರಯೋಗಗಳು ಹೆಚ್ಚಾಗಬೇಕು ಎನ್ನುವುದು ನನ್ನ ಅನಿಸಿಕೆ.

ನಮಸ್ಕಾರ.