ಕೀ ಯಾರ ಹತ್ತಿರ ಇದೆ ಸ್ವಾಮಿ?

ನಮಸ್ಕಾರ, ಹಾಸನದಿಂದ ಮಾತಾಡುತ್ತಿದ್ದೇನೆ. ಹೊಸಬರು ಚಾನಲ್ ಸಬ್‌ಸ್ಕ್ರೈಬ್ ಮಾಡಿಕೊಳ್ಳಿ. ಹಳಬರು ಪೂರ್ತಿ ಕೇಳಿ, ಆಮೇಲೆ ಬೈಯಿರಿ.

ಹೋದ ವಿಡಿಯೋದಲ್ಲಿ ಒಂದು ಮಾತು ಹೇಳಿದ್ದೆ. ಕಾಲೇಜು ಅಂದಮೇಲೆ ವಿದ್ಯಾರ್ಥಿ ಸಂಘಕ್ಕೆ ಅದರದ್ದೇ ಕಟ್ಟಡ ಇರಬೇಕು, ಅದರ ಕೀ ಮಕ್ಕಳ ಹತ್ತಿರ ಇರಬೇಕು ಅಂತ. ಅದಕ್ಕೆ ಒಬ್ಬರ ಕಾಮೆಂಟ್: "ಪಾಠ ಮಾಡೋಕೇ ರೂಮಿಲ್ಲ, ಪುಂಡಾಟಕ್ಕೆ ಬಿಲ್ಡಿಂಗ್ ಬೇರೆ ಕೇಡು." ನನ್ನ ವಿಡಿಯೋಗಿಂತ ಆ ಕಾಮೆಂಟಿಗೇ ಲೈಕ್ ಜಾಸ್ತಿ. ಹೊಟ್ಟೆ ಉರಿಯುತ್ತೆ, ಅಲ್ವಾ?

ಸರಿ, ಆ ಪುಂಡಾಟದ ಬಿಲ್ಡಿಂಗ್ ಹೇಗಿರುತ್ತೆ ಅಂತ ನೋಡೋಣ. ಸ್ಕಾಟ್‌ಲೆಂಡಿನ ಎಡಿನ್‌ಬರೋ ವಿಶ್ವವಿದ್ಯಾಲಯದಲ್ಲಿ ಟೀವಿಯಟ್ ರೋ ಹೌಸ್ ಅಂತ ಒಂದಿದೆ. ವಿದ್ಯಾರ್ಥಿ ಸಂಘಕ್ಕೆಂದೇ ಕಟ್ಟಿಸಿ ಇವತ್ತಿಗೂ ಉಳಿದಿರುವ ಕಟ್ಟಡಗಳಲ್ಲಿ ಅದೇ ಎಲ್ಲಕ್ಕಿಂತ ಹಳೆಯದು ಅನ್ನುತ್ತಾರೆ. ಬಾಗಿಲು ತೆರೆದದ್ದು 1889ರಲ್ಲಿ. ನಕ್ಷೆ ಸಿಡ್ನಿ ಮಿಚೆಲ್ ಅವರದು. ಹೊರಗಿನಿಂದ ನೋಡಿದರೆ 16ನೇ ಶತಮಾನದ ಅರಮನೆಯ ಹಾಗೆ ಕಲ್ಲಿನ ಗೋಡೆ, ದುಂಡನೆಯ ಗೋಪುರ. ಒಳಗೆ ಚರ್ಚೆಗೆ ಎತ್ತರದ ಹಾಲ್, ಲೈಬ್ರರಿ, ಊಟದ ಕೋಣೆ, ಬಿಲಿಯರ್ಡ್ಸ್ ಆಡುವ ಜಾಗ. ದುಡ್ಡು ಸೇರಿಸುವುದಕ್ಕೆ 1886ರಲ್ಲಿ ಒಂದು ದೊಡ್ಡ ಮೇಳವನ್ನೇ ನಡೆಸಿದ್ದರು. ಹೆಣ್ಣುಮಕ್ಕಳನ್ನು ಮಾತ್ರ 1970ರ ದಶಕದವರೆಗೂ ಸದಸ್ಯರಾಗಿ ಸೇರಿಸಿಕೊಳ್ಳಲಿಲ್ಲ. ಅರಮನೆ ಕಟ್ಟೋದು ಗೊತ್ತಿತ್ತು, ಬಾಗಿಲು ಪೂರ್ತಿ ತೆಗೆಯೋದು ಗೊತ್ತಿರಲಿಲ್ಲ.

ಈಗ ನಮ್ಮ ಕಡೆ ಬನ್ನಿ. ಒಂದು ಕಾಲೇಜು, ಹೆಸರು ಬೇಡ. ಅಲ್ಲಿ 'ವಿದ್ಯಾರ್ಥಿ ಸಂಘ' ಅಂತ ಬೋರ್ಡ್ ಇರುವ ರೂಮಿದೆ. ಒಳಗೆ ಮುರಿದ ಬೆಂಚು, ಹಳೇ ಉತ್ತರ ಪತ್ರಿಕೆಯ ಕಟ್ಟು, ಕಾಲಿಲ್ಲದ ಕೇರಂ ಬೋರ್ಡು. ಕಾಲೇಜ್ ಡೇ ದಿನ ತೆಗೆಯುತ್ತಾರೆ, ಮೈಕ್ ಸ್ಟ್ಯಾಂಡ್ ಹುಡುಕುವುದಕ್ಕೆ. ನಮ್ಮ ಹಾಸನಾಂಬೆಯ ಬಾಗಿಲೂ ವರ್ಷಕ್ಕೊಂದು ಸಲ ತೆಗೆಯೋದು, ನಿಜ. ಆದರೆ ಅಲ್ಲಿ ಹಚ್ಚಿಟ್ಟ ದೀಪ ಉರಿಯುತ್ತಲೇ ಇರುತ್ತದೆ ಅಂತ ಜನ ನಂಬುತ್ತಾರೆ. ಇಲ್ಲಿ ಬಾಗಿಲು ತೆಗೆದರೆ ಹೆಗ್ಗಣ. ಕೀ ಯಾರ ಹತ್ತಿರ? ಅಟೆಂಡರ್ ಹತ್ತಿರ. ಅಟೆಂಡರ್ ಎಲ್ಲಿ? ರಜೆ!

"ಕಾರಿಡಾರ್ ಇದೆಯಲ್ಲ, ಅಲ್ಲೇ ಮಾತಾಡಿಕೊಳ್ಳಲಿ" ಅಂತ ಇನ್ನೊಬ್ಬರು ಬರೆದಿದ್ದಾರೆ. ಅಯ್ಯಾ, ನಮ್ಮ ಕಾಲೇಜುಗಳ ನಕ್ಷೆ ನೋಡಿದ್ದೀರಾ? ಉದ್ದಕ್ಕೆ ಒಂದು ಕಾರಿಡಾರ್, ಸಾಲಾಗಿ ರೂಮು, ಮೆಟ್ಟಿಲ ಪಕ್ಕದಲ್ಲೇ ಪ್ರಿನ್ಸಿಪಾಲರ ಚೇಂಬರ್. ನಾಲ್ಕು ಜನ ನಿಂತರೆ "ಏಯ್, ಯಾರದು, ಕ್ಲಾಸಿಲ್ವಾ?" ಕೂತು ಮಾತಾಡುವುದಕ್ಕೆ ಅಂತ ಒಂದು ಮೂಲೆಯನ್ನೂ ಬಿಟ್ಟಿರುವುದಿಲ್ಲ. ಇದು ಯಾವ ಜಿಲ್ಲೆ? ಬೇಲೂರಿನ ಜಿಲ್ಲೆ! 1117ರಲ್ಲಿ ಶುರುವಾದ ಚೆನ್ನಕೇಶವ ದೇವಸ್ಥಾನದಲ್ಲಿ ಸುತ್ತ ನಡೆಯುವುದಕ್ಕೆ ನಕ್ಷತ್ರದ ಆಕಾರದ ಜಗತಿ, ಅಂದರೆ ಎತ್ತರದ ಕಲ್ಲಿನ ಕಟ್ಟೆ, ನಡುವೆ ಜನ ಸೇರುವುದಕ್ಕೆ ನವರಂಗ. ಒಂಬೈನೂರು ವರ್ಷದ ಹಿಂದೆ ನಾಲ್ಕು ಜನ ಸೇರುತ್ತಾರೆ ಅಂತ ಯೋಚಿಸಿದ್ದರು. ನಮಗೆ ಪಿಯು ಮುಗಿಸಿದ ಮಕ್ಕಳು ಸೇರಿದರೆ ಭಯ.

ನಡುವೆ ಒಂದು ತಮಾಷೆ. ಆಕ್ಸ್‌ಫರ್ಡ್ ಯೂನಿಯನ್ ಅಂತ ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಗಳ ಚರ್ಚೆಯ ಸಂಘ ಇದೆ. ಅದರ ಹಾಲಿಗೆ 1857ರಲ್ಲಿ ರೊಸೆಟ್ಟಿ, ವಿಲಿಯಂ ಮೋರಿಸ್ ಅನ್ನೋ ಕಲಾವಿದರು ಮತ್ತು ಗೆಳೆಯರು ಅಲ್ಲಿಯ ದಂತಕಥೆಯ ಆರ್ಥರ್ ರಾಜನ ಚಿತ್ರ ಬರೆಯಲು ನಿಂತರು. ಗೋಡೆಗೆ ಸರಿಯಾಗಿ ಗಾರೆಯೂ ಇಲ್ಲ, ಇಟ್ಟಿಗೆಯ ಮೇಲೆ ಸುಣ್ಣ ಬಳಿದು ಅದರ ಮೇಲೇ ಬಣ್ಣ. ಕೆಲವೇ ವರ್ಷದಲ್ಲಿ ಚಿತ್ರ ಮಾಸಿಹೋಯಿತು. ನಮ್ಮೂರ ಪೇಂಟರನ್ನು ಕೇಳಿದ್ದರೆ ಪ್ರೈಮರ್ ಹೊಡೆಯಿರಿ ಅಂತ ಹೇಳುತ್ತಿದ್ದ. ಪೇಂಟ್ ಅಂಗಡಿಯವರು ಯಾರಾದರೂ ಕೇಳುತ್ತಿದ್ದರೆ ಈ ಚಾನಲ್ ಸ್ಪಾನ್ಸರ್ ಮಾಡಬಹುದು. ನಂಬರ್ ಕೆಳಗಿದೆ.

"ಬಿಲ್ಡಿಂಗ್ ಕೊಟ್ಟರೆ ಎಲೆಕ್ಷನ್ ಅಂತಾರೆ, ಎಲೆಕ್ಷನ್ ಅಂದರೆ ಹೊಡೆದಾಟ." ಬಂತಲ್ಲ, ಇದನ್ನೇ ಕಾಯುತ್ತಿದ್ದೆ. 2006ರಲ್ಲಿ ಲಿಂಗ್ಡೋ ಸಮಿತಿ ವಿದ್ಯಾರ್ಥಿ ಸಂಘಗಳ ಎಲೆಕ್ಷನ್ನಿಗೆ ಅಂತಲೇ ನಿಯಮಗಳನ್ನು ಕೊಟ್ಟಿತು, ಸುಪ್ರೀಂ ಕೋರ್ಟ್ ಒಪ್ಪಿತು. ಒಬ್ಬ ಅಭ್ಯರ್ಥಿ 5000 ರೂಪಾಯಿಗಿಂತ ಹೆಚ್ಚು ಖರ್ಚು ಮಾಡುವಂತಿಲ್ಲ, ಪ್ರಿಂಟ್ ಹಾಕಿಸಿದ ಪೋಸ್ಟರ್ ಇಲ್ಲ. ಊರ ಎಲೆಕ್ಷನ್ನಿನಲ್ಲಿ ಒಂದು ಬೀದಿಯ ಬಿರಿಯಾನಿಗೆ ಎಷ್ಟು ಹೋಗುತ್ತೆ ಹೇಳಿ! ದೊಡ್ಡವರು ಹೊಡೆದಾಡಿದರೆ ವಿಧಾನಸೌಧಕ್ಕೆ ಯಾರೂ ಬೀಗ ಹಾಕಲಿಲ್ಲ. ಮಕ್ಕಳ ರೂಮಿಗೆ ಮಾತ್ರ ಬೀಗ. ಕೀ ಕೊಡಿ ಅಂದರೆ ಪುಂಡಾಟ.

ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1896ರ ಹ್ಯೂಸ್ಟನ್ ಹಾಲ್ ಇದೆ. ಆ ದೇಶದಲ್ಲಿ ವಿದ್ಯಾರ್ಥಿ ಸಂಘಕ್ಕೆ ಅಂತ ಕಟ್ಟಿದ ಮೊದಲ ಕಟ್ಟಡ. ತೀರಿಕೊಂಡ ಮಗನ ನೆನಪಿಗೆ ತಂದೆತಾಯಿ ಕೊಟ್ಟ ದುಡ್ಡು, ಸ್ಪರ್ಧೆ ಇಟ್ಟು ಆರಿಸಿದ ನಕ್ಷೆ. ನಮ್ಮ ಹಾಸನದಲ್ಲಿ 1960ರಿಂದ ಇಂಜಿನಿಯರಿಂಗ್ ಕಾಲೇಜಿದೆ. ಸಿವಿಲ್ ಮಕ್ಕಳಿಗೆ ಒಂದು ಸ್ಪರ್ಧೆ ಇಡಿ, ನಕ್ಷೆ ಬರುತ್ತೆ. ಕಾಫಿ ಎಸ್ಟೇಟಿನವರು ಒಬ್ಬರು ಮನಸ್ಸು ಮಾಡಿದರೆ ದುಡ್ಡೂ ಬರುತ್ತೆ. ಬರಲ್ಲ ಅಂತೀರಾ? ಬರುತ್ತೆ. ಯಾಕೆ ಬರುತ್ತೆ ಅಂದರೆ... ಬರುತ್ತೆ ಅಷ್ಟೆ!

ಲೈವ್‌ನಲ್ಲಿ ಯಾರೋ "ಪಾರ್ಕಿಂಗ್ ಎಲ್ಲಿ ಮಾಡ್ತೀರಾ?" ಅಂತ ಕೇಳುತ್ತಿದ್ದಾರೆ. ಪಾರ್ಕಿಂಗಾ? ಸೈಕಲ್ ಸ್ಟ್ಯಾಂಡ್ ಪಕ್ಕದಲ್ಲಿ ಮಾಡಿ, ತಲೆ ಮೇಲೆ ಮಾಡಿ, ನನಗೇನು? ಮೊದಲು ಕೀ ಕೊಡಿ ಸ್ವಾಮಿ.