ಸಸಿ ಆಮೇಲೆ, ಮೊದಲು ಡೀಸೆಲ್, ಕರೆಂಟಿನ ಬಿಲ್ ತೆಗೆಯಿರಿ

ಕ್ಯಾಂಪಸ್ಸನ್ನು ಹಸಿರಾಗಿಸುತ್ತೇವೆ ಎಂದು ಕಾಲೇಜು ಘೋಷಿಸಿದ ಮರುದಿನವೇ ಸಸಿ, ಸಲಿಕೆ, ಫೋಟೊ ಎಲ್ಲವೂ ಹಾಜರು. ಮರಗಳ ಮೇಲೆ ನನಗೆ ಮುನಿಸಿಲ್ಲ. ಆದರೆ ಒಂದು ಲೀಟರ್ ಡೀಸೆಲ್ ಉರಿದರೆ ಸುಮಾರು 2.7 ಕಿಲೊ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಕಾಲೇಜಿನ ಜನರೇಟರ್ ವರ್ಷಕ್ಕೆ ಎಷ್ಟು ಲೀಟರ್ ಕುಡಿಯುತ್ತದೆ ಎಂದು ಕೇಳಿ ನೋಡಿ, ಸಭೆ ಮೌನವಾಗುತ್ತದೆ.

ಕಾಲೇಜು ಒಟ್ಟು ಎಷ್ಟು ಇಂಗಾಲ ಹೊರಬಿಡುತ್ತದೆ ಎಂದು ಅಳೆಯಲು ದುಬಾರಿ ಯಂತ್ರ ಬೇಕಿಲ್ಲ. ಲೆಕ್ಕಪತ್ರ ವಿಭಾಗದ ಕಡತಗಳೇ ಸಾಕು. ಹಸಿರುಮನೆ ಅನಿಲಗಳ ಲೆಕ್ಕಕ್ಕೆ ಜಗತ್ತು ಬಳಸುವ ನಿಯಮಾವಳಿಯಾದ ಜಿಎಚ್‌ಜಿ ಪ್ರೋಟೋಕಾಲ್ ಹೊರಸೂಸುವಿಕೆಯನ್ನು ಮೂರು ಪಾಲು ಮಾಡುತ್ತದೆ: ನಾವೇ ನೇರವಾಗಿ ಹೊರಬಿಡುವುದು, ಕೊಂಡ ವಿದ್ಯುತ್ತಿನದು, ಉಳಿದ ಪರೋಕ್ಷದ್ದು. ಮೊದಲ ಪಾಲಿನಲ್ಲಿ ಎಲ್ಲರೂ ಮರೆಯುವುದು ಎಸಿಯ ಅನಿಲ. ಹಲವು ಯಂತ್ರಗಳಲ್ಲಿರುವ ಆರ್-410ಎ ಒಂದು ಕಿಲೊ ಸೋರಿದರೆ, ನೂರು ವರ್ಷಗಳ ಲೆಕ್ಕದಲ್ಲಿ ಅದು ಸುಮಾರು 2 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಅಂದರೆ 700 ಲೀಟರಿಗೂ ಹೆಚ್ಚು ಡೀಸೆಲ್ ಸುಟ್ಟಂತೆ! ರಿಪೇರಿಗೆ ಬಂದವರು ಎಷ್ಟು ಅನಿಲ ತುಂಬಿದರು ಎಂಬ ಚೀಟಿಯನ್ನು ಯಾರೂ ಜೋಪಾನ ಮಾಡುವುದಿಲ್ಲ.

ನನ್ನ ನಿಜವಾದ ತಕರಾರು ಮೂರನೆಯ ಪಾಲಿನದು. ವಿದ್ಯಾರ್ಥಿಗಳ, ಸಿಬ್ಬಂದಿಯ ಓಡಾಟ, ಸಮ್ಮೇಳನಗಳ ವಿಮಾನಯಾನ, ಕೊಂಡ ಕಂಪ್ಯೂಟರುಗಳು, ಹಾಸ್ಟೆಲಿನ ಆಹಾರ ಎಲ್ಲವೂ ಅಲ್ಲಿಯೇ. ಇದನ್ನು ಲೆಕ್ಕ ಹಾಕುವುದು ಕಷ್ಟ. ಪ್ರೋಟೋಕಾಲಿನ ಮೂಲ ನಿಯಮದಲ್ಲಿ ಕಡ್ಡಾಯವೂ ಅಲ್ಲ. ಹಾಗಾಗಿ ಕಾಲೇಜುಗಳು ಇದನ್ನು ಮೆಲ್ಲಗೆ ಬದಿಗಿಟ್ಟು, ಸಣ್ಣದಾದ ಅಂಕಿಯನ್ನು ಹೆಮ್ಮೆಯಿಂದ ಮುದ್ರಿಸುತ್ತವೆ. ಗೇಟಿನ ಒಳಗೆ ನಡೆದದ್ದಷ್ಟೇ ನಮ್ಮದು ಎನ್ನುವ ಈ ಜಾಣತನ ನನಗೆ ಒಪ್ಪಿಗೆಯಿಲ್ಲ. ಸಾವಿರಾರು ಜನರನ್ನು ದಿನವೂ ಒಂದೆಡೆಗೆ ಕರೆಸಿಕೊಳ್ಳುವುದೇ ಕಾಲೇಜಿನ ಕೆಲಸವಲ್ಲವೇ? ಅಂದಾಜೇ ಆಗಲಿ, ಸಮೀಕ್ಷೆ ಮಾಡಿ ಬರೆಯಿರಿ, ಅಂದಾಜು ಎಂದೂ ಬರೆಯಿರಿ.

ಉಳಿದದ್ದಕ್ಕೆ ಕಾರ್ಬನ್ ಕ್ರೆಡಿಟ್ ಕೊಂಡರಾಯಿತು, ಅಂದರೆ ಬೇರೆಡೆ ಯಾರೋ ತಗ್ಗಿಸಿದ್ದನ್ನು ದುಡ್ಡು ಕೊಟ್ಟು ನಮ್ಮ ಲೆಕ್ಕಕ್ಕೆ ಬರೆಸಿಕೊಂಡರಾಯಿತು ಎನ್ನುವವರೂ ಇದ್ದಾರೆ. 2025ಕ್ಕೆ ಕಾರ್ಬನ್ ತಟಸ್ಥವಾಗುತ್ತೇವೆ (ಹೊರಬಿಟ್ಟಷ್ಟನ್ನೂ ಸರಿದೂಗಿಸುತ್ತೇವೆ) ಎಂದು 2013ರಲ್ಲಿ ಸಾರಿದ್ದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವೇ ಆಮೇಲೆ ಕ್ರೆಡಿಟ್‌ಗಳ ಮೇಲಿನ ಭಾರವನ್ನು ಇಳಿಸಿ, ಸ್ವಂತ ಹೊರಸೂಸುವಿಕೆಯನ್ನೇ ಕಡಿಯುವತ್ತ ತಿರುಗಿತು.

ಇನ್ನು ತಗ್ಗಿಸುವ ಮಾತು. ಇಡೀ ಆವರಣಕ್ಕೆ ಒಂದೇ ವಿದ್ಯುತ್ ಮೀಟರ್ ಇದ್ದರೆ ಪ್ರಯೋಗಾಲಯವೋ ಹಾಸ್ಟೆಲೋ, ಹೆಚ್ಚು ಕರೆಂಟು ತಿನ್ನುತ್ತಿರುವುದು ಯಾವುದೆಂದು ತಿಳಿಯದು. ಕಟ್ಟಡಕ್ಕೊಂದು ಮೀಟರ್ ಬೇಕು. ರಾತ್ರಿಯ ಬಳಕೆ ಹಗಲಿನ ಹತ್ತಿರಕ್ಕೇ ಇದ್ದರೆ ಖಾಲಿ ಕೋಣೆಯಲ್ಲಿ ಏನೋ ಓಡುತ್ತಿರಬಹುದು. ಅದಕ್ಕಿಂತ ಅಗ್ಗದ ಉಪಾಯ ವೇಳಾಪಟ್ಟಿಯಲ್ಲಿದೆ. ಸಂಜೆಯ ನಾಲ್ಕು ತರಗತಿಗಳಿಗಾಗಿ ನಾಲ್ಕು ಕಟ್ಟಡಗಳನ್ನು ತಂಪು ಮಾಡುವ ಬದಲು ಒಂದರಲ್ಲೇ ನಡೆಸಬಹುದು. ಪರಿಸರ ಸಮಿತಿಯ ಸಭೆಗೆ ವೇಳಾಪಟ್ಟಿ ಬರೆಯುವವರನ್ನು ಈವರೆಗೆ ಯಾರಾದರೂ ಕರೆದಿದ್ದಾರೆಯೇ?